ಫುಲ್ ಡಿಸ್ಟೆನ್ಸ್ ಟ್ರಯಾತ್ಲಾನ್‌: ಎಷ್ಟು ದಿನ ಮೊದಲು ಹೋಗಬೇಕು?

ಪ್ರಶ್ನೆ

ನಮಸ್ಕಾರ. ಈ ವರ್ಷ ಪ್ರೊ (ವೃತ್ತಿಪರ) ಲೈಸೆನ್ಸ್ ಸಿಕ್ಕಿದೆ. ಪ್ರೊ ಆಗಿ ನನ್ನ ಮೊದಲ ಫುಲ್ ಡಿಸ್ಟೆನ್ಸ್ ರೇಸ್ ಬೇರೆ ದೇಶದಲ್ಲಿ. 3.8 ಕಿಮೀ ಈಜು, 180 ಕಿಮೀ ಸೈಕಲ್, 42.2 ಕಿಮೀ ಓಟಕ್ಕೆ ತಯಾರಿ ಚೆನ್ನಾಗಿಯೇ ನಡೆದಿದೆ. ಚಿಂತೆ ಇರುವುದು ಪ್ರಯಾಣದ್ದು. ಪೂರ್ವದ ಕಡೆ ಹೋಗಬೇಕು, ಸಮಯದಲ್ಲಿ 6 ಗಂಟೆ ವ್ಯತ್ಯಾಸ. ಸೆಕೆಯೂ ಜಾಸ್ತಿ. ಎರಡು ವಾರ ಮೊದಲೇ ಹೋಗಿ ಅನ್ನುತ್ತಾರೆ. ರೂಮು, ಊಟ ಎಲ್ಲ ನನ್ನದೇ ಖರ್ಚು. ಬಹುಮಾನದ ಹಣ ನಂಬಿಕೊಂಡು ಖರ್ಚು ಮಾಡುವ ಹಾಗಿಲ್ಲ. ಒಂದು ವಾರ ಸಾಕಾಗುತ್ತದೆಯೇ?

ಉತ್ತರ 1

ಸಾಕು. ಆದರೆ ಸೆಕೆಯ ಕೆಲಸ ಮನೆಯಲ್ಲೇ ಮುಗಿಸಿ ಹೊರಡಿ.

ದೇಹ ಸೆಕೆಗೆ ಪೂರ್ತಿ ಒಗ್ಗಲು ಸುಮಾರು 10ರಿಂದ 14 ದಿನ ಬೇಕು. ಅದನ್ನು ಅಲ್ಲೇ ಹೋಗಿ ಮಾಡಬೇಕು ಅಂತೇನಿಲ್ಲ. ಫ್ಯಾನ್ ಹಾಕದೆ ಟ್ರೈನರ್ (ಮನೆಯೊಳಗೆ ನಿಂತಲ್ಲೇ ತುಳಿಯಲು ಸೈಕಲ್ ಕೂರಿಸುವ ಸ್ಟ್ಯಾಂಡ್) ಮೇಲೆ ನಿಧಾನಕ್ಕೆ ಸೈಕಲ್ ತುಳಿಯಿರಿ. ಓಡಿ ಬಂದ ಮೇಲೆ ಬಿಸಿನೀರಿನ ಟಬ್‌ನಲ್ಲಿ ಕೂರಿ. ರಕ್ತದ ಪ್ಲಾಸ್ಮಾ (ದ್ರವ ಭಾಗ) ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ. ತಲೆ ಸುತ್ತಿದರೆ ತಕ್ಷಣ ನಿಲ್ಲಿಸಿ, ಹಠ ಬೇಡ. ಒಬ್ಬರೇ ಇದ್ದಾಗ ಟಬ್ ಪ್ರಯೋಗವೂ ಬೇಡ.

ನಿದ್ರೆ ಮಾತ್ರ ಅಲ್ಲಿಗೆ ಹೋದ ಮೇಲೇ ಸರಿಯಾಗಬೇಕು. ಒಂದು ಗಂಟೆಯ ವ್ಯತ್ಯಾಸಕ್ಕೆ ಒಂದು ದಿನ ಅನ್ನುವುದು ಹಳೆಯ ಲೆಕ್ಕ. ಪೂರ್ವಕ್ಕೆ ಹೋಗುವುದು ಜಾಸ್ತಿ ಕಷ್ಟ, ಯಾಕೆಂದರೆ ದೇಹಕ್ಕೆ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ಹೊರಡುವ ಮೊದಲು ಕೆಲವು ದಿನ ದಿನವೂ ಅರ್ಧ ಗಂಟೆ ಬೇಗ ಮಲಗಿ, ಬೇಗ ಎದ್ದು ಬೆಳಕಿಗೆ ಬನ್ನಿ. ಪ್ರೊಗಳ ಸ್ಟಾರ್ಟ್ ಎಲ್ಲರಿಗಿಂತ ಮೊದಲು, ಹಾಗಾಗಿ ನಸುಕಿನಲ್ಲೇ ತಿಂಡಿ ಇಳಿಯಬೇಕು, ಅಲ್ವಾ?

ಇನ್ನು ವಿಮಾನಕ್ಕೆ ಸೈಕಲ್ ಪ್ಯಾಕ್ ಮಾಡುವುದು. ನನಗೆ ಜೀವ ಬಾಯಿಗೆ ಬರುವುದು ಇಲ್ಲೇ. ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಬಿಚ್ಚಿ, ಬಟ್ಟೆ ಸುತ್ತಿ ಫ್ರೇಮ್ ಒಳಗಡೆಗೆ ಕಟ್ಟಿ. ಡಿರೇಲರ್ ಅನ್ನು ಫ್ರೇಮ್‌ಗೆ ಹಿಡಿದಿಡುವ ಹ್ಯಾಂಗರ್ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ, ಅದು ಬಾಗಿದರೆ ಗೇರ್ ಕೂರುವುದೇ ಇಲ್ಲ. ಸೀಟಿನ ಎತ್ತರಕ್ಕೆ ಟೇಪ್ ಗುರುತು ಹಾಕಿ. ಡಿಸ್ಕ್ ಬ್ರೇಕ್ ಪ್ಯಾಡ್‌ಗಳು ಒಂದಕ್ಕೊಂದು ಅಂಟದ ಹಾಗೆ ನಡುವೆ ಸ್ಪೇಸರ್ ಇಡಿ. ಕಾರ್ಬನ್ ಭಾಗಗಳಿಗೆ ಟಾರ್ಕ್ ರೆಂಚ್ (ಬೇಕಾದಷ್ಟೇ ಬಿಗಿ ಮಾಡುವ ಸ್ಪ್ಯಾನರ್) ಬೇಕೇ ಬೇಕು. ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಲಿ. ಟೈರಿಗೆ ಗಾಳಿ ತುಂಬುವ ಸಿಒಟು ಕಾರ್ಟ್ರಿಜ್ ಅಲ್ಲೇ ಕೊಳ್ಳಿ, ಎಷ್ಟೋ ಕಡೆ ವಿಮಾನಕ್ಕೆ ಬಿಡುವುದಿಲ್ಲ.

ಒಂದು ಸಲ ನನ್ನ ಸೈಕಲ್ ಪೆಟ್ಟಿಗೆ ಹಿಂದೆಯೇ ಉಳಿದು ಬೇರೆ ವಿಮಾನದಲ್ಲಿ ಬಂತು. ಶೂ, ಪೆಡಲ್, ಹೆಲ್ಮೆಟ್, ರೇಸ್ ಸೂಟ್, ಗಾಗಲ್ಸ್ ಕೈಚೀಲದಲ್ಲಿದ್ದವು. ಸೈಕಲ್ ಯಾರಾದರೂ ಸಾಲ ಕೊಡುತ್ತಾರೆ. ನಿಮ್ಮ ಕಾಲಿಗೆ ಒಗ್ಗಿದ ಶೂ ಯಾರೂ ಕೊಡುವುದಿಲ್ಲ. ತಲುಪಿದ ಮರುದಿನವೇ ಜೋಡಿಸಿ ಒಂದು ಏರಿನಲ್ಲಿ ಎಲ್ಲ ಗೇರ್ ಹಾಕಿ ನೋಡಿ. ರೇಸ್ ಹಿಂದಿನ ದಿನ ಮೆಕ್ಯಾನಿಕ್ ಹತ್ತಿರ ದೊಡ್ಡ ಸಾಲು ಇರುತ್ತದೆ.

ವೆಟ್‌ಸೂಟ್ (ತಣ್ಣನೆ ನೀರಿನ ದಪ್ಪ ರಬ್ಬರ್ ಈಜುಡುಗೆ), ಸ್ವಿಮ್‌ಸ್ಕಿನ್ (ತೆಳು ಈಜುಡುಗೆ) ಎರಡೂ ಒಯ್ಯಿರಿ. ಐರನ್‌ಮ್ಯಾನ್ ಹೆಸರಿನ ರೇಸ್‌ಗಳ ನಿಯಮದಲ್ಲಿ ನೀರು 21.9 ಡಿಗ್ರಿ ದಾಟಿದರೆ ಪ್ರೊಗಳಿಗೆ ವೆಟ್‌ಸೂಟ್ ಇಲ್ಲ. ಏಜ್ ಗ್ರೂಪ್‌ನವರಿಗೆ (ವಯಸ್ಸಿನ ಗುಂಪಿನಲ್ಲಿ ಓಡುವ ಹವ್ಯಾಸಿಗಳಿಗೆ) 24.5 ತನಕ ಅವಕಾಶವಿದೆ. ಆ ಕಡೆಯಿಂದ ಪ್ರೊ ಆದವರು ಇದನ್ನು ಮರೆಯುತ್ತಾರೆ.

ಉತ್ತರ 2

ಡೋಪಿಂಗ್ ಪರೀಕ್ಷೆಯ ನೋಂದಾಯಿತ ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ ದಿನಕ್ಕೆ 60 ನಿಮಿಷ, ಬೆಳಿಗ್ಗೆ 5ರಿಂದ ರಾತ್ರಿ 11ರ ಒಳಗೆ, ಎಲ್ಲಿರುತ್ತೀರಿ ಅಂತ ಮೊದಲೇ ತಿಳಿಸಿರಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ಅದೇ ನಿಯಮ ಉಲ್ಲಂಘನೆ. ವಿಮಾನ ತಡವಾದರೆ ಆ ಮಾಹಿತಿಯನ್ನು ಅಲ್ಲಿಂದಲೇ ಫೋನಿನಲ್ಲಿ ಬದಲಿಸಿ. ಪಟ್ಟಿಯಲ್ಲಿ ಇಲ್ಲದಿದ್ದರೂ ಸುಮ್ನೆ ನೆಗಡಿ ಮಾತ್ರೆ ನುಂಗಬೇಡಿ. ಕೆಲವದರಲ್ಲಿ ಸೂಡೋಎಫೆಡ್ರಿನ್ ಇರುತ್ತದೆ, ಸ್ಪರ್ಧೆಯ ವೇಳೆ ಮಿತಿ ಮೀರಿದರೆ ಅದು ನಿಷಿದ್ಧ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. ಟಿಕೆಟ್ 7 ದಿನ ಮೊದಲಿಗೇ ಮಾಡಿಸುತ್ತೇನೆ, ಸೆಕೆಯ ಅಭ್ಯಾಸ ಈ ವಾರವೇ ಶುರು. ರೇಸ್‌ನಲ್ಲಿ ಕುಡಿಯುವ ಕಾರ್ಬ್ (ಕಾರ್ಬೋಹೈಡ್ರೇಟ್) ಪುಡಿ ಅಲ್ಲಿ ಕೊಳ್ಳಲೇ, ಇಲ್ಲಿಂದ ಒಯ್ಯಲೇ?

ಉತ್ತರ 1

ನಿಮ್ಮ ಹೊಟ್ಟೆಗೆ ಒಗ್ಗಿದ್ದನ್ನೇ ಒಯ್ಯಿರಿ. ಗಂಟೆಗೆ 90 ಗ್ರಾಂ ಅಂದರೂ 9 ಗಂಟೆಯ ರೇಸ್‌ಗೆ 810 ಗ್ರಾಂ ಆಗುತ್ತದೆ. ಪ್ಯಾಕೆಟ್ ಒಡೆಯದೆ, ಹೆಸರು ಕಾಣುವ ಹಾಗೆ ಇಡಿ. ಸ್ವಲ್ಪ ಕೈಚೀಲದಲ್ಲಿ, ಉಳಿದದ್ದು ಸೈಕಲ್ ಪೆಟ್ಟಿಗೆಯಲ್ಲಿ. ಪೆಟ್ಟಿಗೆ ತೂಕದ ಮಿತಿ ದಾಟದ ಹಾಗೆ ಮನೆಯಲ್ಲೇ ತೂಗಿ ನೋಡಿ.