ಹಳೇ ಮ್ಯಾಸಿ 35 ಟ್ರ್ಯಾಕ್ಟರ್: ವಾಟರ್ ಪಂಪ್ ಪುಲ್ಲಿ ಬಿಚ್ಚಿ ಮತ್ತೆ ಕೂರಿಸಿದವರು ಹೇಳಿ

ಕೇಳಿದವರು, ಚನ್ನರಾಯಪಟ್ಟಣ:
ತಾತನ ಕಾಲದ ಮ್ಯಾಸಿ 35, 3 ಸಿಲಿಂಡರ್ ಪರ್ಕಿನ್ಸ್ ಇಂಜಿನ್. ವಾಟರ್ ಪಂಪಿನ ಸೀಲ್ ಹೋಗಿ ನೀರು ಸೋರುತ್ತಿದೆ. ಪುಲ್ಲಿ ಶಾಫ್ಟಿಗೆ ಬಿಗಿಯಾಗಿ ಕೂತಿದೆ, ನಟ್ಟೂ ಇಲ್ಲ, ಶಾಫ್ಟಿನ ಮೇಲೆ ಪುಲ್ಲಿ ಜಾರದಂತೆ ತಡೆಯೋ ಕೀ ತುಂಡೂ ಇಲ್ಲ. ಹೊಸ ಪಂಪ್ ಬೇಡ, ತಾತ ಓಡಿಸಿದ್ದೇ ಇರಬೇಕು. ಬಿಚ್ಚಿದವರು ಅನುಭವ ಹೇಳಿ.

ಮದ್ದೂರಿನ ರೈತ:
ಹೊಸ ಪಂಪೇ ಹಾಕಿಸಿ. ನಾನು ಹಾಕಿಸದೆ ಕೆಟ್ಟೆ. ಮೆಕ್ಯಾನಿಕ್, ಎಳೆದು ಬಿಚ್ಚೋ ಸಾಧನ ಪುಲ್ಲರಿನ ಕೊಕ್ಕೆಗಳನ್ನು ಪುಲ್ಲಿಯ ಅಂಚಿಗೆ ಸಿಕ್ಕಿಸಿ ತಿರುಗಿಸಿದ. ಬೀಡು ಕಬ್ಬಿಣ ಅಲ್ವಾ, ಟಪ್ ಅಂತ ಅಂಗೈ ಅಗಲದ ಚೂರು ಹಾರಿತು. ಆಗ ಕಬ್ಬು ಸಾಗಿಸುವ ಕಾಲ. ಗುಜರಿಗೆ 3 ಸಲ ಅಲೆದೆ. ಪುಲ್ಲಿಗೆ 1,800. ಅದರ ತೂತು ಸಡಿಲ ಬಂತು, ಲೇತಿನಲ್ಲಿ ಬುಶ್ ಹಾಕಿಸಿದ್ದಕ್ಕೆ 650. ಬಾಡಿಗೆ ಟ್ರ್ಯಾಕ್ಟರಿಗೆ 11 ದಿನ ದುಡ್ಡು ಸುರಿದೆ. ಮೆಕ್ಯಾನಿಕ್ ತನ್ನ ಕೂಲಿ 500 ಬಿಡದೆ ಇಸ್ಕೊಂಡ. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಲೇತ್ ಕೆಲಸದವರು, ಶಿವಮೊಗ್ಗ:
ಅಂಚು ಹಿಡಿದು ಎಳೆದರೆ ಒಡೆಯದೆ ಇನ್ನೇನು? ಹಿಡಿತ ಗುಬ್ಬಿಗೇ, ಅಂದರೆ ಪುಲ್ಲಿಯ ನಡುವೆ ಶಾಫ್ಟ್ ಕೂರುವ ದಪ್ಪ ಭಾಗಕ್ಕೇ ಬೀಳಬೇಕು. ನಾನು ದಪ್ಪ ಪಟ್ಟಿಯನ್ನು ಯು ಆಕಾರಕ್ಕೆ ಕೊಯ್ದು ಗುಬ್ಬಿಯ ಹಿಂದೆ ತೂರಿಸುತ್ತೇನೆ. 2 ಬೋಲ್ಟ್ ಹಾಕಿ ಸಮವಾಗಿ, ಕಾಲು ಸುತ್ತು ಕಾಲು ಸುತ್ತು ಬಿಗಿಸುತ್ತೇನೆ. ಅದಕ್ಕೂ ಮುಂಚೆ ಶಾಫ್ಟಿನ ತುದಿಯಿಂದ ಪುಲ್ಲಿಯ ಮುಖಕ್ಕೆ ಎಷ್ಟಿದೆ ಅಂತ ವರ್ನಿಯರಿನಲ್ಲಿ ಅಳೆದು ಗೋಡೆ ಮೇಲೆ ಬರೆದಿಡುತ್ತೇನೆ. ಅದು ತಪ್ಪಿದರೆ ಬೆಲ್ಟ್ ಓರೆಯಾಗಿ ಸವೆಯುತ್ತದೆ.

ಕೂರಿಸುವಾಗ ಪುಲ್ಲಿಯನ್ನು ಮಾತ್ರ ಬಿಸಿ ಮಾಡಿ. 25 ಮಿ.ಮೀ. ತೂತು 150 ಡಿಗ್ರಿ ಬಿಸಿ ಏರಿದರೆ ಸುಮಾರು 0.04 ಮಿ.ಮೀ. ಹಿಗ್ಗುತ್ತದೆ. ಅಷ್ಟು ಸಾಕು, ಕೈಯಲ್ಲೇ ಜಾರುತ್ತದೆ. ಈ ಕೆಲಸ ಎಷ್ಟು ಮಾಡಿದ್ದೇನೋ, ಒಂದೂ ಒಡೆದಿಲ್ಲ.

ಹಾವೇರಿಯಿಂದ:
ಬಿಸಿ ಮಾತು ಎತ್ತಬೇಡಿ ಸರ್. ನಮ್ಮ ಊರಲ್ಲಿ ಹೀಗೇ ಗ್ಯಾಸ್ ಹಿಡಿದು ಕೂರಿಸಿದರು. ಬಿಸಿ ಶಾಫ್ಟಿಗೆ ಇಳಿದು ಬೇರಿಂಗಿನ ಗ್ರೀಸ್ ಕರಗಿ ಸುರಿಯಿತು. ತಿಂಗಳು ತುಂಬುವುದರೊಳಗೆ ಗರಗರ ಸದ್ದು. ಎರಡನೇ ಸಲ ಪಂಪ್ ಇಳಿಸಿ ಬೇರಿಂಗ್, ಸೀಲ್ ಎರಡೂ ಬದಲಾಯಿಸಿದೆ. 1,400 ಖರ್ಚು. ಆಮೇಲೆ ತಣ್ಣಗೇ ಪ್ರೆಸ್ಸಿನಲ್ಲಿ ಒತ್ತಿಸಿದೆ. 4 ವರ್ಷವಾಯಿತು, ಒಂದು ಹನಿ ಸೋರಿಲ್ಲ.

ಲೇತ್ ಕೆಲಸದವರು, ಶಿವಮೊಗ್ಗ:
ಓದಿ ಮಾತಾಡಿ. ಪುಲ್ಲಿಯನ್ನು ಹೊರಗೆ ಇಟ್ಟು ಬಿಸಿ ಮಾಡಿ ಅಂದೆ, ಪಂಪಿನ ಮೇಲೆ ಗ್ಯಾಸ್ ಹಿಡಿಯಿರಿ ಅಂದಿಲ್ಲ. ಕೂತ ತಕ್ಷಣ ಒದ್ದೆ ಬಟ್ಟೆ ಸುತ್ತಬೇಕಿತ್ತು. ಪ್ರೆಸ್ಸಿನಲ್ಲಿ ಒತ್ತುವಾಗ ಕೆಳಗೆ ಆಧಾರ ಯಾವುದಕ್ಕೆ ಕೊಟ್ಟಿರಿ? ಪಂಪಿನ ಹೊರಕವಚಕ್ಕೆ ಕೊಟ್ಟಿದ್ದರೆ ಆ ಭಾರವೆಲ್ಲ ಬೇರಿಂಗ್ ಗುಂಡುಗಳ ಮೇಲೆ ಬಿದ್ದಿದೆ. ಶಾಫ್ಟಿನ ಹಿಂದಿನ ತುದಿಗೆ ಕೊಡಬೇಕು.

ಹಾವೇರಿಯಿಂದ:
ಶಾಫ್ಟಿಗೇ ಕೊಟ್ಟಿದ್ದು. ಕಳೆದುಕೊಂಡಿದ್ದು ನನ್ನ ದುಡ್ಡು, ನನಗೆ ಪಾಠ ಹೇಳಬೇಡಿ.

ಮಂಡ್ಯದ ಹಿರಿಯರು:
ನಮ್ಮದೂ 35, ಆದರೆ 4 ಸಿಲಿಂಡರಿನ, ಸ್ಟ್ಯಾಂಡರ್ಡ್ ಅನ್ನೋ ಕಂಪನಿಯ ಇಂಜಿನ್. ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಮಾಡೋದೇ ಒಂದು ಯುದ್ಧ. ಮ್ಯಾಸಿ ಕಂಪನಿಯೇ 1959ರಲ್ಲಿ ಅದನ್ನು ಬಿಟ್ಟು ಪರ್ಕಿನ್ಸ್ ಹಾಕಿತು. ನಾವು ಮಾತ್ರ ಇನ್ನೂ ಬಿಟ್ಟಿಲ್ಲ.

ಮದ್ದೂರಿನ ರೈತ:
ಯಜಮಾನ್ರೆ, ಅವರು ಕೇಳಿದ್ದು ಪುಲ್ಲಿ.

ಮಂಡ್ಯದ ಹಿರಿಯರು:
ಹೊಸ ಪಂಪ್ ಹಾಕಿಸು ಅಂದವರು ನೀವು. ತಾತನ ಗಾಡಿ ಉಳಿಸ್ಕೋಬೇಕು ಅನ್ನೋ ಹುಡುಗನಿಗೆ ಹೇಳೋ ಮಾತಾ ಅದು?

ಕೇಳಿದವರು, ಚನ್ನರಾಯಪಟ್ಟಣ:
ದಯವಿಟ್ಟು ಜಗಳ ಬೇಡ. ಶಿವಮೊಗ್ಗದ ಅಣ್ಣ, ಗುಬ್ಬಿಯ ಹಿಂದೆ ಜಾಗ ತುಂಬಾ ಕಡಿಮೆ, 5 ಮಿ.ಮೀ. ಪಟ್ಟಿ ಅಷ್ಟೇ ಹೋಗುತ್ತೆ. ಬಾಗಲ್ವಾ?

ಲೇತ್ ಕೆಲಸದವರು, ಶಿವಮೊಗ್ಗ:
ಮೆದು ಪಟ್ಟಿ ಬಾಗುತ್ತೆ ತಮ್ಮಾ. ಹಳೇ ಲಾರಿ ಸ್ಪ್ರಿಂಗ್ ಪಟ್ಟಿ ಸಿಕ್ಕರೆ ಅದರಲ್ಲಿ ಕೊಯ್ಸು. ಹಿಂದಿನ ರಾತ್ರಿ ಡೀಸೆಲ್ ಬಿಟ್ಟು ನೆನೆಸು. ಬಿಗಿ ಸಿಕ್ಕಾಪಟ್ಟೆ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ, ಪಂಪನ್ನ ಹಾಗೇ ಪ್ರೆಸ್ ಇರೋ ಕಡೆ ತಗೊಂಡು ಹೋಗು. ಸುತ್ತಿಗೆ ಮಾತ್ರ ಎತ್ತಬೇಡ.