ತಾತನ ಮುಖ ಅಗಲವಾಗದಂತೆ ಫೋಟೋ ದೊಡ್ಡದು ಮಾಡಿಸುವುದು ಹೇಗೆ?

ಕೇಳಿದವರು, ಮದ್ದೂರು ಕಡೆಯಿಂದ:

ಹೋದ ತಿಂಗಳು ನಮ್ಮ ತಾತ ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯಕ್ಕೆ 6×4 ಅಡಿಯ ಫ್ಲೆಕ್ಸ್ ಮಾಡಿಸಿದೆವು. ಫೋಟೋ ನಾನೇ ಮೊಬೈಲಿನಲ್ಲಿ ಅಡ್ಡ ಹಿಡಿದು ತೆಗೆದದ್ದು. ಜಗಲಿಯ ಮೇಲೆ ಕೂತಿದ್ದಾರೆ, ಪಕ್ಕಕ್ಕೆ ಚಾಚಿದ ಕೈಯಲ್ಲಿ ಊರುಗೋಲು ಇದೆ. ಫ್ಲೆಕ್ಸ್‌ನಲ್ಲಿ ಮುಖ ಯಾಕೋ ಅಗಲವಾಗಿ ಬಂತು. ಬಂದ ನೆಂಟರು ಯಾರೂ ಏನೂ ಅನ್ನಲಿಲ್ಲ. ಅಜ್ಜಿ ಮಾತ್ರ ನೋಡಿ "ಇದ್ಯಾರು?" ಎಂದು ಕೇಳಿದರು. ಆ ಮಾತು ಇನ್ನೂ ಮನಸ್ಸಿನಲ್ಲೇ ಇದೆ. ಈಗ ಅದೇ ಫೋಟೋವನ್ನು 12×18 ಇಂಚಿಗೆ ಪ್ರಿಂಟ್ ಹಾಕಿಸಿ ಗೋಡೆಗೆ ಹಾಕಬೇಕು. ಉದ್ದುದ್ದ ಇದ್ದರೆ ಚೆನ್ನ ಎಂದು ಮನೆಯವರು ಹೇಳುತ್ತಾರೆ. ಮತ್ತೆ ಹಾಗಾಗಬಾರದು. ಏನು ಮಾಡಲಿ?

ಸರಸ್ವತಿಪುರಂನಿಂದ, ಸ್ಟುಡಿಯೋದಲ್ಲಿ ಕೆಲಸ ಮಾಡುವವರು:

ಮೊದಲು ಏನಾಯಿತು ಎಂದು ಹೇಳುತ್ತೇನೆ. ಮೊಬೈಲಿನ ಫೋಟೋ ಸಾಮಾನ್ಯವಾಗಿ 4:3 ಅಳತೆಯಲ್ಲಿ ಇರುತ್ತದೆ. ಅಂದರೆ ಅಗಲ 4 ಪಾಲು, ಎತ್ತರ 3 ಪಾಲು. ನಿಮ್ಮ ಫ್ಲೆಕ್ಸ್ 6×4, ಅಂದರೆ 3:2. ಎರಡರ ಆಕಾರವೂ ಬೇರೆ. 4:3 ಫೋಟೋವನ್ನು ಪೂರ್ತಿ 6×4 ಜಾಗಕ್ಕೆ ತುಂಬಿಸಬೇಕಾದರೆ ಎರಡೇ ದಾರಿ. ಮೇಲೆ ಕೆಳಗೆ ಸ್ವಲ್ಪ ಕತ್ತರಿಸಬೇಕು, ಇಲ್ಲವೇ ಅಗಲಕ್ಕೆ ಎಳೆಯಬೇಕು. ನಿಮಗೆ ಮಾಡಿಕೊಟ್ಟವರು ಎಳೆದಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಮುಖ ಎಂಟರಲ್ಲೊಂದು ಪಾಲು ಜಾಸ್ತಿ ಅಗಲವಾಗಿದೆ. ಹೊರಗಿನವರ ಕಣ್ಣಿಗೆ ಅದು ಬೀಳುವುದಿಲ್ಲ. ಐವತ್ತು ವರ್ಷ ಜೊತೆಗೆ ಬಾಳಿದವರಿಗೆ ಕಾಣದೆ ಇರುತ್ತದಾ? ನಿಮ್ಮ ಅಜ್ಜಿ ಹೇಳಿದ್ದು ಸರಿ.

ಹಾಗಾಗಿ ಮುಖ ಇರುವ ಫೋಟೋ ಎಳೆಯಲೇಬಾರದು, ಅಷ್ಟೇ. ಕತ್ತರಿಸಿ. ಕತ್ತರಿಸಲು ಆಗದಿದ್ದರೆ ಪಕ್ಕದಲ್ಲಿ ಖಾಲಿ ಅಂಚು ಉಳಿಸಿ.

ಮೊಬೈಲಿನಲ್ಲೇ ಮಾಡುವುದಾದರೆ ಎಡಿಟ್‌ಗೆ ಹೋಗಿ ಕ್ರಾಪ್ ಒತ್ತಿ. ಅಲ್ಲಿ ಅಳತೆಯ ಅನುಪಾತ ಆರಿಸುವ ಚಿಹ್ನೆ ಇರುತ್ತದೆ. ನಿಮ್ಮ ಪ್ರಿಂಟಿನ ಅನುಪಾತವನ್ನು ಮೊದಲೇ ಆರಿಸಿಕೊಂಡು, ಆಮೇಲೆ ಚೌಕಟ್ಟನ್ನು ಸರಿಸಿ. ಸುಮ್ನೆ ಕೈಯಳತೆಯಲ್ಲಿ ಕತ್ತರಿಸಿದರೆ ಪ್ರಿಂಟ್ ಹಾಕುವಾಗ ಮತ್ತೆ ಯಾವುದಕ್ಕೂ ಹೊಂದುವುದಿಲ್ಲ. ಕಂಪ್ಯೂಟರಿನಲ್ಲಾದರೆ ಫೋಟೋ ಎಡಿಟ್ ಮಾಡುವ ಗಿಂಪ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಅದರ ಸ್ಕೇಲ್ ಇಮೇಜ್‌ನಲ್ಲಿ ಅಗಲ, ಎತ್ತರದ ಪಕ್ಕ ಸಣ್ಣ ಸರಪಳಿ ಚಿಹ್ನೆ ಇದೆ. ಅದು ಕೂಡಿಕೊಂಡೇ ಇರಬೇಕು. ಆಗ 4000 ಪಿಕ್ಸೆಲ್ (ಫೋಟೋದ ಸಣ್ಣ ಚುಕ್ಕೆಗಳು) ಅಗಲವನ್ನು 1200 ಎಂದು ಬದಲಿಸಿದರೆ 3000ದ ಎತ್ತರ ತಾನಾಗಿಯೇ 900 ಆಗುತ್ತದೆ. ಸರಪಳಿ ಬಿಚ್ಚಿಕೊಂಡಿದ್ದರೆ ಅಗಲ ಒಂದೇ ಬದಲಾಗುತ್ತದೆ. ಹೆಚ್ಚಿನ ಫೋಟೋ ಕೆಡುವುದು ಅಲ್ಲೇ.

ಇನ್ನೊಂದು ವಿಷಯ. ನಿಮ್ಮ ಹತ್ತಿರ ಇರುವುದು ಮೂಲ ಫೋಟೋನಾ, ವಾಟ್ಸ್ಆಪ್‌ನಲ್ಲಿ ಬಂದದ್ದಾ? ಎಷ್ಟು ಪಿಕ್ಸೆಲ್ ಇದೆ ಹೇಳಿ.

ಕೇಳಿದವರು:

ಫ್ಲೆಕ್ಸ್‌ಗೆ ಕೊಟ್ಟದ್ದು ವಾಟ್ಸ್ಆಪ್‌ನದು, 1600×1200. ಮೂಲ ನನ್ನ ಹಳೇ ಫೋನಿನಲ್ಲಿ ಸಿಕ್ಕಿತು. 4000×3000 ಎಂದು ತೋರಿಸುತ್ತಿದೆ.

ಸರಸ್ವತಿಪುರಂನಿಂದ:

ಒಳ್ಳೆಯದಾಯಿತು. ಆ ಫೋನಿನಿಂದ ಕೇಬಲ್ ಹಾಕಿ ತೆಗೆದುಕೊಳ್ಳಿ, ಅಥವಾ ವಾಟ್ಸ್ಆಪ್‌ನಲ್ಲೇ ಡಾಕ್ಯುಮೆಂಟ್ ಎಂದು ಕಳಿಸಿ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಅಳತೆ ಕಡಿಮೆಯಾಗುವುದಿಲ್ಲ.

ಅಡ್ಡ ಫೋಟೋದಿಂದ ಉದ್ದದ 12×18 ತೆಗೆಯಬೇಕಾದರೆ ನಡುವೆ 2000×3000 ಪಿಕ್ಸೆಲ್ ಮಾತ್ರ ಸಿಗುತ್ತದೆ. ಇಂಚಿಗೆ ಸುಮಾರು 166 ಪಿಕ್ಸೆಲ್. ಕೈಯಲ್ಲಿ ಹಿಡಿದು ನೋಡುವ ಪ್ರಿಂಟಿಗೆ ಇಂಚಿಗೆ 300 ಇದ್ದರೆ ಚೆಂದ, ಗೋಡೆಯ ಮೇಲಿನದಕ್ಕೆ 166 ಸಾಕಾಗುತ್ತದೆ. ಅದೇ ವಾಟ್ಸ್ಆಪ್ ಫೋಟೋದಿಂದ ತೆಗೆದಿದ್ದರೆ ಇಂಚಿಗೆ 66 ಬರುತ್ತಿತ್ತು. ಕಣ್ಣು, ಹುಬ್ಬು ಎಲ್ಲಾ ಮಸುಕಾಗುತ್ತಿತ್ತು.

ಕುವೆಂಪುನಗರದಿಂದ, ಹವ್ಯಾಸಕ್ಕೆ ಫೋಟೋ ತೆಗೆಯುವವರು:

ಮೇಲಿನವರ ಲೆಕ್ಕ ಸರಿ. ಆದರೆ ಉದ್ದಕ್ಕೆ ಕತ್ತರಿಸುವುದು ನನಗೆ ಒಪ್ಪಿಗೆ ಇಲ್ಲ. ಅಡ್ಡ ಫೋಟೋದ ಅರ್ಧ ಅಗಲ ಹೊರಟುಹೋಗುತ್ತದೆ. ಜಗಲಿ ಹೋಗುತ್ತದೆ, ಚಾಚಿದ ಕೈ ಹೋಗುತ್ತದೆ, ಊರುಗೋಲೂ ಹೋಗುತ್ತದೆ. ಆಮೇಲೆ ಉಳಿಯುವುದು ಪಾಸ್‌ಪೋರ್ಟ್ ಫೋಟೋ ಥರದ್ದು. ನಮ್ಮ ತಂದೆಯ ಫೋಟೋಗೆ ನಾನು ಹಾಗೇ ಮಾಡಿಸಿದ್ದೆ. ಅವರ ಕೈಯಲ್ಲಿ ಪತ್ರಿಕೆ ಇತ್ತು, ಅದನ್ನು ಕತ್ತರಿಸಿಬಿಟ್ಟೆ. ಈಗ ಆ ಫೋಟೋ ನೋಡಿದಾಗಲೆಲ್ಲ ಆ ಪತ್ರಿಕೆ ಇರಬೇಕಿತ್ತು ಅನಿಸುತ್ತದೆ.

12×18 ಎಂದೇ ಯಾಕೆ ಹಟ? ಆ ಅಳತೆ 3:2 ಅನುಪಾತದ್ದು. 36×24 ಮಿಲಿಮೀಟರಿನ ಹಳೇ ಫಿಲ್ಮಿಗೆ ಹೊಂದುವ ಅಳತೆ. 4×6, 8×12, 12×18 ಎಲ್ಲವೂ ಅದೇ ಮನೆಯವು. ಮೊಬೈಲಿನ 4:3 ಫೋಟೋಗೆ ಹೊಂದುವುದು 6×8, 12×16. ನಿಮ್ಮದನ್ನು 16 ಇಂಚು ಅಗಲ, 12 ಇಂಚು ಎತ್ತರಕ್ಕೆ ಅಡ್ಡವಾಗಿಯೇ ಪ್ರಿಂಟ್ ಹಾಕಿಸಿ. ಒಂದು ಪಿಕ್ಸೆಲ್ ಕೂಡ ಕತ್ತರಿಸಬೇಕಿಲ್ಲ, ಇಂಚಿಗೆ 250 ಸಿಗುತ್ತದೆ. ಅಂಗಡಿಯಲ್ಲಿ 12×18 ಕಾಗದ ಮಾತ್ರ ಇದೆ ಎಂದರೆ ಎರಡೂ ಪಕ್ಕ ಒಂದೊಂದು ಇಂಚು ಬಿಳಿ ಬಿಡಲು ಹೇಳಿ, ಆಮೇಲೆ ಕತ್ತರಿಸಿಕೊಳ್ಳಬಹುದು. ಕಟ್ಟು ಹಾಕಿಸುವಾಗ ಸುತ್ತಲೂ ಮೌಂಟ್, ಅಂದರೆ ದಪ್ಪ ಕಾಗದದ ಅಂಚು, ಹಾಕಿಸಿದರೆ ನೋಡಲು ಇನ್ನೂ ಗಂಭೀರವಾಗಿರುತ್ತದೆ.

ಇದರ ಜೊತೆಗೆ ಒಂದು ಎಚ್ಚರಿಕೆ. ಕೆಲವು ಫೋಟೋದಲ್ಲಿ ಎಳೆಯದೆಯೇ ಆಕಾರ ಕೆಟ್ಟಿರುತ್ತದೆ. ಸೇಂಟ್ ಫಿಲೋಮಿನಾ ಚರ್ಚನ್ನು ಹತ್ತಿರ ನಿಂತು ಮೊಬೈಲ್ ಮೇಲೆತ್ತಿ ತೆಗೆದರೆ ಎರಡು ಗೋಪುರಗಳೂ ಒಳಕ್ಕೆ ವಾಲಿದಂತೆ ಕಾಣುತ್ತವೆ. ಮದುವೆಯ ಗುಂಪು ಫೋಟೋವನ್ನು ವೈಡ್ ಲೆನ್ಸಿನಲ್ಲಿ ತೆಗೆದರೆ ಅಂಚಿನಲ್ಲಿ ನಿಂತವರ ಮುಖ ಎಳೆದಂತಿರುತ್ತದೆ. ಅದು ತೆಗೆಯುವಾಗಲೇ ಆದದ್ದು. ನಾಲ್ಕು ಹೆಜ್ಜೆ ಹಿಂದೆ ಹೋಗಿ ತೆಗೆಯುವುದೇ ಅದಕ್ಕೆ ಪರಿಹಾರ.

ಮಂಡ್ಯದಿಂದ, ಫ್ಲೆಕ್ಸ್ ಡಿಸೈನ್ ಮಾಡುವವರು:

ಅಣ್ಣ, ಓದಿ ಬೇಜಾರಾಯಿತು. ನಮ್ಮ ಕೆಲಸದಲ್ಲಿ ಇದು ಆಗುತ್ತದೆ, ಆಗಬಾರದು. ಸಾವಿನ ಮನೆಯವರು ಬೆಳಿಗ್ಗೆ ಫೋಟೋ ಕೊಟ್ಟು ಸಂಜೆಗೆ ಫ್ಲೆಕ್ಸ್ ಕೇಳುತ್ತಾರೆ. ನಾವು ಡಿಸೈನ್ ಮಾಡುವ ಕೋರಲ್‌ಡ್ರಾ ಸಾಫ್ಟ್‌ವೇರಿನಲ್ಲಿ ಫೋಟೋದ ಮೂಲೆ ಹಿಡಿದು ಎಳೆದರೆ ಆಕಾರ ಹಾಗೇ ಉಳಿಯುತ್ತದೆ. ಪಕ್ಕದ ನಡುಬಿಂದು ಹಿಡಿದು ಎಳೆದರೆ ಕೆಡುತ್ತದೆ. ಆತುರದಲ್ಲಿ ಜಾಗ ತುಂಬಿಸಲು ನಡುಬಿಂದು ಹಿಡಿಯುವವರು ಇದ್ದಾರೆ. ಸರಿಯಾದ ದಾರಿ ಪವರ್‌ಕ್ಲಿಪ್. ಚೌಕಟ್ಟಿನೊಳಗೆ ಫೋಟೋ ಕೂರಿಸಿ, ಹೊರಗೆ ಉಳಿದದ್ದನ್ನು ಮರೆ ಮಾಡುವುದು. ಅದಕ್ಕೆ ಒಂದು ನಿಮಿಷ ಸಾಕು.

ಫೋಟೋಶಾಪ್ ಬಳಸುವವರಿಗೂ ಒಂದು ಮಾತು. ಹಿಂದೆ ಶಿಫ್ಟ್ ಒತ್ತಿ ಎಳೆದರೆ ಆಕಾರ ಉಳಿಯುತ್ತಿತ್ತು. 2018ರ ಕೊನೆಗೆ ಬಂದ ಸಿಸಿ 2019 ಆವೃತ್ತಿಯಿಂದ ಅದು ತಿರುವುಮುರುವಾಗಿದೆ. ಸುಮ್ನೆ ಎಳೆದರೆ ಆಕಾರ ಉಳಿಯುತ್ತದೆ, ಶಿಫ್ಟ್ ಒತ್ತಿದರೆ ಕೆಡುತ್ತದೆ. ಹಳೇ ಅಭ್ಯಾಸದ ಕೈ ಶಿಫ್ಟ್ ಒತ್ತಿಯೇ ಒತ್ತುತ್ತದೆ.

ವರ್ಷದ ತಿಥಿಗೆ ಮತ್ತೆ ಫ್ಲೆಕ್ಸ್ ಮಾಡಿಸುವುದಾದರೆ ಫೋಟೋವನ್ನು ನೀವೇ 3:2ಕ್ಕೆ ಕ್ರಾಪ್ ಮಾಡಿ ಕೊಡಿ. 4000×3000ದಲ್ಲಿ ಮೇಲೆ ಕೆಳಗೆ ಸೇರಿ 333 ಪಿಕ್ಸೆಲ್ ಹೋಗುತ್ತದೆ, ಅಷ್ಟೇ. ತಲೆಯ ಮೇಲೆ ಜಾಗ ಜಾಸ್ತಿ ಇದ್ದರೆ ಅಲ್ಲೇ ತೆಗೆಯಿರಿ. 6 ಅಡಿಗೆ ಹಿಗ್ಗಿಸಿದರೆ ಇಂಚಿಗೆ 55 ಪಿಕ್ಸೆಲ್ ಬರುತ್ತದೆ. ದೂರದಿಂದ ನೋಡುವ ಫ್ಲೆಕ್ಸ್‌ಗೆ ಅದು ಸಾಕು. ಪ್ರಿಂಟಿಗೆ ಕಳಿಸುವ ಮುಂಚೆ ಡಿಸೈನ್ ತೋರಿಸಿ ಎಂದು ಕೇಳಿ. ಮೂಲ ಫೋಟೋ ಪಕ್ಕದಲ್ಲಿಟ್ಟುಕೊಂಡು ನೋಡಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಶ್ರೀರಂಗಪಟ್ಟಣದಿಂದ, ಆನ್‌ಲೈನ್ ಅರ್ಜಿ ಹಾಕಿಕೊಡುವವರು:

ನಮ್ಮಲ್ಲಿ ಬರುವ ಮಕ್ಕಳಿಗೂ ಇದೇ ತೊಂದರೆ. ಬ್ಯಾಂಕ್ ಪರೀಕ್ಷೆಯ ಅರ್ಜಿಯಲ್ಲಿ ಫೋಟೋ 200×230 ಪಿಕ್ಸೆಲ್, 20ರಿಂದ 50 ಕೆಬಿ ಎಂದಿರುತ್ತದೆ. ಅವರು ಯಾವುದೋ ಫೋಟೋ ತಂದು ನೇರವಾಗಿ 200, 230 ಎಂದು ಹಾಕುತ್ತಾರೆ, ಮುಖ ಸಪ್ಪಟೆಯಾಗುತ್ತದೆ. ಮೊದಲು ಆ ಅನುಪಾತಕ್ಕೆ ಕ್ರಾಪ್, ಆಮೇಲೆ ಅಳತೆ ಕಡಿಮೆ ಮಾಡುವುದು. ಕೆಬಿ ಇನ್ನೂ ಜಾಸ್ತಿ ಇದ್ದರೆ ಜೆಪೆಗ್ ಗುಣಮಟ್ಟ ಸ್ವಲ್ಪ ಇಳಿಸಿ. ಅದರಿಂದ ಆಕಾರ ಬದಲಾಗುವುದಿಲ್ಲ. ಆದರೆ ಅದೇ ಫೈಲನ್ನು ಎಡಿಟ್ ಮಾಡಿ ಮತ್ತೆ ಮತ್ತೆ ಜೆಪೆಗ್ ಆಗಿ ಸೇವ್ ಮಾಡಬೇಡಿ, ಪ್ರತಿ ಸಲವೂ ಸ್ವಲ್ಪ ಕೆಡುತ್ತದೆ. ತಾತನ ಮೂಲ ಫೋಟೋವನ್ನು ಎರಡು ಕಡೆ ಇಡಿ, ಎಡಿಟ್ ಮಾಡುವುದು ಅದರ ನಕಲಿನ ಮೇಲೆ ಮಾತ್ರ.

ಕೇಳಿದವರು:

ಎಲ್ಲರಿಗೂ ತುಂಬಾ ಉಪಕಾರವಾಯಿತು. ಮನೆಯಲ್ಲಿ ಕೂತು ಮಾತಾಡಿ ಅಡ್ಡವೇ ಇರಲಿ ಎಂದು ಒಪ್ಪಿಸಿದೆ. ಮೈಸೂರಿನಲ್ಲಿ 12×16 ಪ್ರಿಂಟ್ ಹಾಕಿಸಿ, ಬಿಳಿ ಮೌಂಟ್ ಇಟ್ಟು ಕಟ್ಟು ಹಾಕಿಸಿದೆ. ಊರುಗೋಲು ತುದಿಯವರೆಗೂ ಇದೆ. ಅಜ್ಜಿ ಫೋಟೋವನ್ನು ಮಡಿಲಲ್ಲಿ ಇಟ್ಟುಕೊಂಡು ಸೆರಗಿನಿಂದ ಗಾಜು ಒರೆಸಿದರು. ಆಮೇಲೆ ಮೊಳೆ ಎಲ್ಲಿ ಹೊಡೆಯಬೇಕು ಎಂದು ಅವರೇ ತೋರಿಸಿದರು.