ಸಹಾಯ ಬೇಕು: 20ನೇ ತಾರೀಖಿಗೇ ಮಗಳ ಕೈ ಖಾಲಿ

ನಮಸ್ಕಾರ. ನಮ್ಮದು ಸೋಮವಾರಪೇಟೆ ಕಡೆ ಸಣ್ಣ ಕಾಫಿ ತೋಟ. 18 ವರ್ಷದ ಮಗಳು ಜರ್ಮನಿಯಲ್ಲಿ ಓದುತ್ತಿದ್ದಾಳೆ. ವೀಸಾಕ್ಕೆಂದು ಬ್ಲಾಕ್ಡ್ ಅಕೌಂಟ್‌ನಲ್ಲಿ 11,904 ಯೂರೋ ಇಟ್ಟಿದ್ದೇವೆ. ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ಅವಳ ಕೈಗೆ ಸಿಗುತ್ತದೆ. ಕೋಣೆ ಬಾಡಿಗೆ, ಆರೋಗ್ಯ ವಿಮೆ ಕಳೆದರೆ ಉಳಿಯುವುದು 380ರ ಆಸುಪಾಸು. 20ನೇ ತಾರೀಖಿಗೆ ಅದೂ ಮುಗಿದಿರುತ್ತದೆ. ಆಮೇಲೆ ಊರಿನ ಬ್ಯಾಂಕಿನ ಡೆಬಿಟ್ ಕಾರ್ಡ್ ಉಜ್ಜುತ್ತಾಳೆ. ಪ್ರತಿ ಸಲವೂ ವಿದೇಶಿ ವಿನಿಮಯ ಶುಲ್ಕ ಶೇ 3.5, ಅದರ ಮೇಲೆ ಜಿಎಸ್‌ಟಿ ಬೇರೆ.

ಲೆಕ್ಕ ಬರೆದಿಡು ಎಂದೆ. ಪುಸ್ತಕದ ಫೋಟೊ ಕಳಿಸಿದಳು. ಒಂದೇ ವಾರದಲ್ಲಿ ನಾಲ್ಕು ಕಡೆ 'ಕಾಫಿ 3.80'. ಕಾಫಿ ಬೆಳೆಗಾರನ ಮಗಳು! ಬೈದೆ, ಎರಡು ದಿನ ಫೋನ್ ಎತ್ತಲಿಲ್ಲ. ಬೈಯಲು ನನಗೂ ಮುಖವಿಲ್ಲ ಬಿಡಿ, ಕುಯ್ಲಿನ ದುಡ್ಡು ಬಂದಾಗ ನಾವೂ ಹೀಗೆಯೇ. ವಾರಕ್ಕೊಂದು ಲಕೋಟೆಯಲ್ಲಿ ನಗದು ಇಟ್ಟುಕೊಳ್ಳಲು ಅವಳಮ್ಮ ಹೇಳಿದಳು. ಎರಡು ವಾರ ನಡೆಯಿತು, ಅಷ್ಟೇ.

ಕಾರ್ಡ್ ನಿಲ್ಲಿಸಿಬಿಟ್ಟರೆ ತುರ್ತಿಗೆ ಅವಳ ಬಳಿ ಏನೂ ಇರುವುದಿಲ್ಲ. ಹಾಗೇ ಬಿಟ್ಟರೆ ಉಜ್ಜುತ್ತಲೇ ಇರುತ್ತಾಳೆ. ಅಲ್ಲಿ ಮಕ್ಕಳಿರುವವರು ದಯವಿಟ್ಟು ತಿಳಿಸಿ: ಕಾರ್ಡಿನ ವಿದೇಶಿ ಬಳಕೆಗೆ ಇಲ್ಲಿಂದಲೇ ಮಿತಿ ಹಾಕಿ ತುರ್ತಿಗಷ್ಟೇ ಉಳಿಸುವುದು ಒಳ್ಳೆಯದೋ, ಅಥವಾ ಅಲ್ಲಿಯೇ ಎರಡನೇ ಖಾತೆ ತೆರೆಸಿ ವಾರವಾರ ಹಣ ತಾನಾಗಿ ವರ್ಗವಾಗುವಂತೆ ಮಾಡುವುದೋ? ನಿಮ್ಮ ಮನೆಯಲ್ಲಿ ಯಾವುದು ನಡೆಯಿತು?